ಡಾಕ್ಟರವ್ವ ಉಡಿ ತುಂಬಿದ ಮಳೆಗಾಲ

ಅಕ್ಕಿ ಸೆರಗಿಗೆ ಬೀಳುವಾಗ ಸುರ್ರ್ ಅಂತ ಒಂದು ಸದ್ದು. ಅದರ ಹಿಂದೆಯೇ ಕೊಬ್ಬರಿ ಬಟ್ಟಲು ಅಕ್ಕಿಯ ಮೇಲೆ ಕೂತಾಗ ಥಪ್ ಅಂತ ಇನ್ನೊಂದು. ಆ ಮಳೆಗಾಲದಲ್ಲಿ ಬೆಳಗಿನ ಹೊತ್ತು ನನ್ನ ಆಫೀಸ್ ರೂಮಿನ ಕಿಟಕಿಯ ಕೆಳಗೆ ಈ ಎರಡು ಸದ್ದು ಕೇಳಿದ ಕೂಡಲೇ ನಾನು ಟೈಪ್ ಮಾಡುವುದನ್ನು ನಿಲ್ಲಿಸುತ್ತಿದ್ದೆ. ಬಾಣಂತಿಯೊಬ್ಬಳು ಮನೆಗೆ ಹೊರಟಳು ಎಂದು ಅರ್ಥ.

ಕಳೆದ ತಿಂಗಳು ಸವಣೂರಿನಲ್ಲಿ ತಂಗಿಯ ಮೊಮ್ಮಗಳ ಕುಬಸ. ಬಸುರಿಯನ್ನು ನಡುಮನೆಯಲ್ಲಿ ಕೂರಿಸಿ ಉಡಿ ತುಂಬುತ್ತಿದ್ದರು. ನಾನು ಗಂಡ ತೀರಿಕೊಂಡವಳು. ಅಂಥ ಹೊತ್ತಿನಲ್ಲಿ ನನಗೆ ಯಾರೂ ಏನೂ ಹೇಳಬೇಕಾಗುವುದಿಲ್ಲ, ನಾನೇ ಚಹಾದ ಕಪ್ಪು ಹಿಡಿದು ಪಕ್ಕದ ಕೋಣೆಗೆ ಎದ್ದು ಹೋಗುತ್ತೇನೆ. ಗೋಡೆಯಾಚೆ ಸುರ್ರ್ ಅಂದಿತು. ಥಪ್ ಅಂದಿತು. ನನಗೆ ಕೂರಲಾಗಲಿಲ್ಲ. ಕಿಟಕಿಗೆ ಹೋದೆ, ಬಾಗಿಲಿಗೆ ಬಂದೆ, ಮತ್ತೆ ಕಿಟಕಿಗೆ ಹೋದೆ. ತಂಗಿ ಇಣುಕಿ ನೋಡಿ, “ಯಾಕ ಅಕ್ಕ, ಕಾಲಾಗ ಇರಿವಿ ಬಿಟ್ಟಕೊಂಡಿಯೇನು?” ಅಂತ ನಕ್ಕಳು. ಅಲ್ಲಿಂದ ಹಾನಗಲ್ಲು ದೂರವೇನಲ್ಲ, ಆದರೆ ನಾನು ಹೋಗಿ ಬಂದ ದೂರ ಬೇರೆ.

ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವ ರಸ್ತೆಯಲ್ಲಿ ಕನ್ಯಾಸ್ತ್ರೀಯರದೊಂದು ಹೆರಿಗೆ ಆಸ್ಪತ್ರೆ ಇತ್ತು. ಜನ ಅದನ್ನು ಸಿಸ್ಟರ್ ದವಾಖಾನಿ ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದ ಮೇಲೆ ನಾನು ಅಲ್ಲಿ ಕರೆಸ್ಪಾಂಡೆನ್ಸ್ ನೋಡಿಕೊಳ್ಳುತ್ತಿದ್ದೆ. ಸರ್ಕಾರದಿಂದ ಬಂದ ಪತ್ರ ಓದುವುದು, ಉತ್ತರ ಬರೆಯುವುದು, ಬಂದವರನ್ನು ಕೂರಿಸಿ ಮಾತಾಡಿಸುವುದು. ನನಗದು ಕೆಲಸ ಅನ್ನಿಸಿದ್ದೇ ಇಲ್ಲ. ಲಿಂಗಾಯತರ ಮನೆಯ ಹುಡುಗಿಯನ್ನು ಅಪ್ಪ ಹಟ ಹಿಡಿದು ಧಾರವಾಡದ ಕಾನ್ವೆಂಟಿಗೆ ಹಾಕಿದ್ದ. ಕೊರಳಲ್ಲಿ ಲಿಂಗ, ಬಾಯಲ್ಲಿ ಹೇಲ್ ಮೇರಿ ಇಟ್ಟುಕೊಂಡು ಬೆಳೆದವಳು ನಾನು. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಮದರ್ ಸುಪೀರಿಯರ್ ಹೇಳುತ್ತಿದ್ದರು, ಕಾನ್ಶಿಯನ್ಸ್ ಅಂದರೆ ಒಳಗೆ ಕೇಳುವ ಸಣ್ಣ ದನಿ, ಅದನ್ನು ಕೇಳಬೇಕು ಅಂತ. ನನ್ನದು ಮೊದಲಿನಿಂದಲೂ ಎರಡು ಭಾಷೆಯಲ್ಲಿ ಮಾತಾಡುತ್ತದೆ. ಎರಡೂ ಒಮ್ಮೆಲೇ.

ದವಾಖಾನೆಯ ಡಾಕ್ಟರು ಸಿಸ್ಟರ್ ಕ್ಲೇರ್. ಮಂಗಳೂರು ಕಡೆಯವರು, ಮನೆಮಾತು ಕೊಂಕಣಿ. ಹರೆಯದಲ್ಲಿ ಬಂದವರು ಇಲ್ಲೇ ತಲೆ ನರೆಸಿಕೊಂಡರು. ನಮ್ಮ ಹೆಂಗಸರು ಅವರನ್ನು ಡಾಕ್ಟರವ್ವ ಎಂದು ಕರೆಯುತ್ತಿದ್ದರು, ಸಾಲಿ ಕಲಿಸಿದ ನನ್ನನ್ನು ಅಕ್ಕೋರ ಎಂದು; ಸಿಸ್ಟರಿಗೆ ಮಾತ್ರ ನಾನು ಇಂದೂ. ಅವರು ಬಂದ ಹೊಸದರಲ್ಲಿ ಹೆರಿಗೆಗೆಂದು ದವಾಖಾನೆಯ ಮೆಟ್ಟಿಲು ಹತ್ತುವವರೇ ಇರಲಿಲ್ಲವಂತೆ. ಆಗ ಅವರೊಂದು ಉಪಾಯ ಮಾಡಿದರು. ಹೆತ್ತು ಹೊರಟ ಪ್ರತಿಯೊಬ್ಬಳಿಗೂ ಗೇಟಿನ ಹತ್ತಿರ ಸ್ಟೂಲಿನ ಮೇಲೆ ಮೊರ ಇಟ್ಟುಕೊಂಡು ತಾವೇ ಉಡಿ ತುಂಬತೊಡಗಿದರು: ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ ಬೇರು, ಒಂದು ರವಿಕೆಯ ಖಣ. ಮದುವೆಯಾಗದ ಹೆಂಗಸು ಉಡಿ ತುಂಬಬಹುದೇ ಎಂದು ಮೊದಮೊದಲು ಚರ್ಚೆಯಾಯಿತಂತೆ. ಕೊನೆಗೆ ಯಾವಳೋ ಒಬ್ಬ ಮುದುಕಿ ಸಿಸ್ಟರ ಬೆರಳಿನಲ್ಲಿದ್ದ ಉಂಗುರ ನೋಡಿ ತೀರ್ಪು ಕೊಟ್ಟಳಂತೆ: “ಯೇಸಪ್ಪನ ಕೈ ಹಿಡಿದಾಳ. ಅವಗ ಸಾವಿಲ್ಲ. ಇಕಿಗಿಂತ ದೊಡ್ಡ ಮುತ್ತೈದಿ ಯಾರದಾಳ?”

ಲಾಕ್‌ಡೌನ್ ಎಲ್ಲ ಮುಗಿದ ಮೇಲಿನ ಒಂದು ಒಳ್ಳೆಯ ಮಳೆಗಾಲ ಅದು. ಮೃಗಶಿರ ಹದವಾಗಿ ಬಿದ್ದು ಗೋವಿನಜೋಳ ಮೊಳಕಾಲೆತ್ತರ ಬಂದಿತ್ತು. ಆಗ ಸರ್ಕಾರದ ಕಾರ್ಡಿನ ಒಪ್ಪಂದ ರಿನ್ಯೂವಲ್‌ಗೆ ಬಂತು. ಬಡವರ ಹೆರಿಗೆ ಅಲ್ಲಿ ಪುಕ್ಕಟೆ ಆಗುತ್ತಿದ್ದದ್ದು ಆ ಕಾರ್ಡಿನ ಮೇಲೆಯೇ. ಈ ಸಲ ಒಂದು ಹೊಸ ಷರತ್ತು ಸೇರಿತ್ತು: ಕಾರ್ಡಿನ ಮೇಲೆ ಹೆರಿಗೆ ಮಾಡಿಸುವ ಆಸ್ಪತ್ರೆ ಕುಟುಂಬ ಯೋಜನೆಯನ್ನೂ ಒದಗಿಸಬೇಕು. ಆಪರೇಷನ್, ಕಾಪರ್-ಟಿ, ಇಂಜೆಕ್ಷನ್, ಗುಳಿಗೆ, ಎಲ್ಲಾ. ಸಿಸ್ಟರ್ ಅದನ್ನು ನನ್ನಿಂದ ಓದಿಸಿ ಕೇಳಿ, ಕನ್ನಡಕ ತೆಗೆದು ಒರೆಸಿದರು. ಅವರ ಧರ್ಮದಲ್ಲಿ ಅದು ಪಾಪ. ವಿವರಣೆ ನನಗೆ ಬೇಕಿರಲಿಲ್ಲ, ನಾನು ಕಾನ್ವೆಂಟಿನವಳು.

ವಾರದೊಳಗೆ ಜಿಲ್ಲಾ ಆರೋಗ್ಯ ಕಚೇರಿಯಿಂದ ಡಾಕ್ಟರ್ ನಸೀಮ್ ಬಂದಳು. ಸವಣೂರಿನ ಹುಡುಗಿ. ಕೂರುವ ಮೊದಲೇ ಮಾತು ಶುರು ಮಾಡುವವಳು. “ಮೇಡಂ, ನಿಮ್ಮ ಚಾಪೆಲ್ಲಿನ್ಯಾಗ ಬಂದು ಕಾಪರ್-ಟಿ ಹಾಕತೇನಿ ಅಂತ ನಾ ಎಲ್ಲೆರೆ ಹೇಳೇನೇನ್ರಿ?”

“ನನ್ನ ಕೈಯಿಂದ ಆಗುವುದಿಲ್ಲ ಡಾಕ್ಟ್ರೇ. ನನ್ನ ಕಾಂಪೌಂಡಿನೊಳಗೂ ಬೇಡ. ಹಟ ಅಂತ ತಿಳಿಯಬೇಡಿ, ಪ್ಲೀಸ್.”

“ನಮ್ಮನ್ಯಾಗ ಅಮ್ಮೀನೂ ಹಿಂಗ ಅಂತಾಳ್ರಿ. ಖುದಾ ಕೊಡೋದಕ್ಕ ಬ್ಯಾಡ ಅನ್ನಬಾರದಂತ. ನಾ ಹ್ಞೂಂ ಅಮ್ಮೀ ಅಂತೇನಿ, ಡ್ಯೂಟಿಗೆ ಬರ್ತೇನಿ.”

ಸಿಸ್ಟರ್ ನಕ್ಕರು. “ನೀವು ಹ್ಞೂಂ ಅನ್ನುವುದು ಅಮ್ಮನಿಗೆ. ನಾನು ಹ್ಞೂಂ ಅಂದದ್ದು ಬೇರೆಯವರಿಗೆ.”

ಚಹಾ ಬಂತು, ಆರಿತು, ಮತ್ತೆ ಬಂತು. ಕೊನೆಗೆ ನಸೀಮಳೇ ದಾರಿ ತೆಗೆದಳು. ದವಾಖಾನೆಯ ಎದುರಿಗೆ, ರಸ್ತೆಯ ಆಚೆ ದೊಡ್ಡದೊಂದು ಹುಣಸೆ ಮರವಿತ್ತು. ಅದರ ಕೆಳಗೆ ಸರ್ಕಾರದ ಗಾಡಿ ನಿಲ್ಲುತ್ತದೆ. ಡಿಸ್‌ಚಾರ್ಜ್ ಆದ ಹೆಂಗಸರಲ್ಲಿ ಬೇಕಾದವರು ರಸ್ತೆ ದಾಟಿ ಬರಲಿ. ಸಣ್ಣಪುಟ್ಟದ್ದು ಗಾಡಿಯಲ್ಲೇ ಆಗುತ್ತದೆ, ಆಪರೇಷನ್ ಬೇಕಾದವರನ್ನು ಜಿಲ್ಲಾ ಆಸ್ಪತ್ರೆಗೆ ಒಯ್ಯುತ್ತೇವೆ. “ಆದ್ರ ಮೇಡಂ, ಖಾಲಿ ಗಾಡಿ ನಿಂದರಿಸಿಕೊಂಡು ನಾ ಏನು ರಿಪೋರ್ಟ್ ಬರೀಲಿ? ಮ್ಯಾಲಿನವರು ದಸರಾ ತನಕ ನೋಡ್ತಾರ. ಯಾರೂ ಬರಲಿಲ್ಲಂದ್ರ ಇವರು ಒಳಗ ತಡೀತಾರ ಅಂತ ಕಾರ್ಡು ಕಿತ್ತಕೊಳ್ತಾರ.”

“ಹೋಗಿ ಅನ್ನುವುದಿಲ್ಲ. ಹೋಗಬೇಡಿ ಅಂತಲೂ ಅನ್ನುವುದಿಲ್ಲ,” ಎಂದರು ಸಿಸ್ಟರ್. ಅಷ್ಟು ಸಾಕು ಅಂದುಕೊಂಡೆವು, ಮೂವರೂ.

ಆರಿದ್ರಾ ಹೋಯಿತು, ಪುಷ್ಯ ಬಂತು. ಗಾಡಿ ಬಂದು ನಿಲ್ಲುತ್ತಿತ್ತು, ಹುಣಸೆಯ ಎಲೆ ಅದರ ಟಪ್ಪಿನ ಮೇಲೆ ಉದುರುತ್ತಿತ್ತು, ಸಂಜೆಗೆ ಹಾಗೇ ಹೊರಟು ಹೋಗುತ್ತಿತ್ತು. ಒಬ್ಬಳೂ ಹತ್ತಲಿಲ್ಲ. ವಾರ್ಡಿನಲ್ಲಿ ನನ್ನ ಮುಂದೆ ಹ್ಞೂಂ ಅಂದವಳು ಗೇಟು ದಾಟಿದ ಕೂಡಲೇ ತಲೆ ತಗ್ಗಿಸಿ, ಗಾಡಿಯ ಮುಂದೆಯೇ ಸರಸರ ನಡೆದು, ಅದರಾಚೆಯ ಬಸ್ ಸ್ಟಾಪಿಗೆ ಹೋಗಿ ನಿಲ್ಲುತ್ತಿದ್ದಳು. ನಸೀಮಳ ಮುಖ ದಿನದಿನಕ್ಕೆ ಕೆಂಪಾಗುತ್ತಿತ್ತು. ಒಂದು ದಿನ ಮಳೆಯಲ್ಲೇ ರಸ್ತೆ ದಾಟಿ ಬಂದು ನನ್ನ ಟೇಬಲ್ಲಿನ ಮುಂದೆ ನಿಂತಳು. “ಅಕ್ಕೋರ, ಖರೇ ಹೇಳ್ರಿ. ಒಳಗ ಏನು ಕಿವಿ ಊದತಾರ?” ಅದು ಸಿಸ್ಟರಿಗೂ ಕೇಳಿಸಿತು. ಆ ದಿನ ಊಟದ ಮುಂದೆ ಪ್ರಾರ್ಥನೆ ಮಾಡಲು ಕೂತವರು ಅನ್ನ ಆರಿದರೂ ಕಣ್ಣು ತೆರೆಯಲಿಲ್ಲ.

ನನ್ನ ಕಾಲು ಒಂದು ಕಡೆ ನಿಲ್ಲದಂತಾದದ್ದು ಆಗಿನಿಂದ. ವರಾಂಡದ ಆ ತುದಿ, ಈ ತುದಿ. ಯಾಕೆಂದರೆ ವಾರ್ಡಿನ ಕೊನೆಯ ಮಂಚದಲ್ಲಿ ನೀಲವ್ವ ಇದ್ದಳು.

ಹಿರೇಬೆಂಡಿಗೇರಿಯ ಮಗಳು, ತಿಳವಳ್ಳಿಯ ಸೊಸೆ. ಹೃದಯದ ಕವಾಟವೊಂದು ಕೆಟ್ಟಿತ್ತು. ಎರಡು ಹೆಣ್ಣುಮಕ್ಕಳನ್ನು ಸಿಸ್ಟರ ಕೈಯಲ್ಲೇ ಹೆತ್ತಿದ್ದಳು, ಈಗ ಮೂರನೆಯದು. ಏದುಸಿರು ಬಿಡುತ್ತಿದ್ದಾಳೆಂದು ದಿನ ತುಂಬುವ ಮೊದಲೇ ಸಿಸ್ಟರ್ ಅವಳನ್ನು ಅಡ್ಮಿಟ್ ಮಾಡಿಕೊಂಡಿದ್ದರು. “ಇದು ಕೊನೆಯದಾಗಬೇಕು ನೀಲವ್ವ. ಇನ್ನೊಂದು ಬಸಿರು ನಿನ್ನ ಹೃದಯ ತಾಳುವುದಿಲ್ಲ,” ಎಂದು ಅವರೇ ಹೇಳಿದ್ದರು. ಅವರಿಗೆ ಒಪ್ಪಿಗೆಯಿದ್ದ ದಾರಿಯನ್ನೂ ಕಲಿಸಿದ್ದರು, ಕ್ಯಾಲೆಂಡರ್ ಹಿಡಿದು, ಯಾವ ದಿನ ಸೇಫ್, ಯಾವ ದಿನ ಅಲ್ಲ ಅಂತ. ನೀಲವ್ವ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಳು. “ದಿನಾ ಎಣಿಸಾಕ ನನಗ ಬರತೈತ್ರಿ ಡಾಕ್ಟರವ್ವ. ಅವರಿಗೆ ಬರಬೇಕಲ್ಲರಿ!” ಇಡೀ ವಾರ್ಡು ನಕ್ಕಿತು. ಸಿಸ್ಟರೂ ನಕ್ಕು, ಆಮೇಲೆ ಕ್ಯಾಲೆಂಡರನ್ನು ಬಹಳ ಹೊತ್ತು ಮಡಚುತ್ತಾ ನಿಂತಿದ್ದರು.

ಅವಳ ಅತ್ತೆ ಗುರವ್ವ. ಎತ್ತರದ ಆಳು, ದನಿಯೂ ಎತ್ತರ. ಸೊಸೆಯ ಜೊತೆಗೆ ಬಂದು ಹಿಂದಿನ ಛಪ್ಪರದಲ್ಲಿ ಒಲೆ ಹೂಡಿದ್ದಳು. ಒಂದು ಬೆಳಗ್ಗೆ ಹಿರೇಕೆರೂರು ಕಡೆಯ ಹುಡುಗಿಯೊಬ್ಬಳು ಉಡಿ ತುಂಬಿಸಿಕೊಂಡು, ಗಾಡಿಯತ್ತ ಕಣ್ಣೆತ್ತಿಯೂ ನೋಡದೆ ಹೋದಳು. ಹಿಂದಿನ ದಿನವಷ್ಟೇ ಕಾಪರ್-ಟಿ ಹಾಕಿಸಿಕೊಳ್ಳುತ್ತೇನೆ ಎಂದವಳು. ನಾನು ತಡೆಯಲಾರದೆ, “ಇವಕ್ಕೆಲ್ಲ ಏನಾಗೈತಿ?” ಎಂದೆ. ಗೇಟಿಗೆ ಒರಗಿ ನಿಂತಿದ್ದ ಗುರವ್ವ ನನ್ನನ್ನು ಕನಿಕರದಿಂದ ನೋಡಿದಳು.

“ಉಡಿ ತುಂಬಿಸ್ಕೊಂಡಾಕಿ ಇನ್ನೊಂದು ದವಾಖಾನಿ ಮೆಟ್ಟಲಾ ತುಳಿತಾಳೇನ್ರಿ ಅಕ್ಕೋರ? ನೆಟ್ಟಗ ಮನಿಗೆ ಹೋಗಿ ದೇವರ ಮುಂದ ಸುರುವಬೇಕು. ನಡುವ ಎಲ್ಲೆರೆ ನಿಂತ್ರ, ಕೊಟ್ಟದ್ದನ್ನ ಅಲ್ಲೇ ಚೆಲ್ಲಿದಂಗ.”

ನನಗೆ ಹೊಳೆದಿರಲೇ ಇಲ್ಲ. ಸಣ್ಣ ವಯಸ್ಸಿನಲ್ಲೇ ಉಡಿ ಹಿಡಿಯುವುದು ತಪ್ಪಿದವಳಿಗೆ ಉಡಿಯ ಭಾರ ಮರೆತು ಹೋಗಿರುತ್ತದೆ.

“ನಮ್ಮ ನೀಲವ್ವಂದೂ ಹಂಗ,” ಎಂದಳು ಗುರವ್ವ, ದನಿ ತಗ್ಗಿಸಿ. “ಅಕಿ ಮನಸಿನ್ಯಾಗ ಆ ಗಾಡಿ ಐತಿ, ನನಗ ಗೊತ್ತೈತಿ. ಡಾಕ್ಟರವ್ವ ಉಡಿ ತುಂಬ್ತಾರ, ನಾವು ಬಸ್ ಹತ್ತತೇವಿ. ಮುಗೀತು.”

“ಅಕಿ ಜೀವದ ಪ್ರಶ್ನಿ ಐತಿ ಗುರವ್ವ.”

“ನಮ್ಮ ಅಕ್ಕಂದೂ ಜೀವಾನ ಇತ್ತಲ್ರಿ? ಆಗಿನ ಕಾಲಕ್ಕ ಸಾಲಿ ಬೆಂಚಿನ ಮ್ಯಾಲೆ ಸಾಲಾಗಿ ಮಲಗಿಸಿ ಆಪರೇಷನ್ ಮಾಡಿದ್ರು. ಬರಲಿಲ್ಲಂದ್ರ ರೇಷನ್ ಕೊಡಂಗಿಲ್ಲಂದ್ರು. ಆಮ್ಯಾಲೆ ಅಕಿ ನೆಟ್ಟಗ ನಿಂತಿದ್ದನ್ನ ನಾ ನೋಡಲಿಲ್ಲ. ಸರಕಾರದ ಗಾಡಿ ನನಗ ಹೊಸಾದಲ್ರಿ.”

ಮೊಮ್ಮಗ ಬೇಕೆಂಬ ಆಸೆಯಿಂದ ಅಡ್ಡ ನಿಂತಿದ್ದರೆ ಜಗಳವಾದರೂ ಆಡಬಹುದಿತ್ತು.

ವಾರ್ಡಿಗೆ ಹೋದೆ. ನೀಲವ್ವ ದಿಂಬಿಗೆ ಒರಗಿ ಕಿಟಕಿಯಿಂದ ಹುಣಸೆ ಮರ ನೋಡುತ್ತಿದ್ದಳು. “ಅಕ್ಕೋರ, ನಾ ಹಡದು ಹೊರಗ ಹೋಗೂತನಕ ಆ ಗಾಡಿ ಬರತೈತಲ್ಲರಿ?” ಉಡಿ ಬೇಡ ಎಂದು ಹೇಳಿಬಿಡು ಎಂದೆ. ಅವಳು ಹೌಹಾರಿದಳು. “ಉಡಿ ಬ್ಯಾಡ ಅನ್ನಾಕ ಬರತೈತೇನ್ರಿ? ಕೂಸಿಗೆ ಕೇಡು ಬೇಡಿಕೊಂಡಂಗ ಆಗತೈತಿ.” ಉಸಿರು ಸುಧಾರಿಸಿಕೊಂಡು ಮತ್ತೆ ಅಂದಳು: “ನಾ ಸತ್ತರ ಅತ್ತಿ ನನ್ನ ಮಕ್ಕಳನ್ನ ಛಂದಗೆ ನೋಡ್ತಾಳ. ಅದು ಸುಳ್ಳಲ್ಲ. ಆದ್ರ ನಾನ ನೋಡಬೇಕಂತ ಆಸೆ ಐತ್ರಿ.”

ಅದೇ ವಾರ ಅವಳಿಗೆ ಹೆಣ್ಣು ಕೂಸು ಹುಟ್ಟಿತು. ಹೆರಿಗೆಯ ಆ ಇಡೀ ದಿನ ಸಿಸ್ಟರ್ ಅವಳ ನಾಡಿ ಬಿಟ್ಟು ಏಳಲಿಲ್ಲ. ತಾಯಿ ಉಳಿದಳು. ಒಂದೆರಡು ದಿನ ನಾನು ಸಿಸ್ಟರ ರೂಮಿನ ಬಾಗಿಲ ತನಕ ಹೋಗಿ ವಾಪಸು ಬಂದೆ. ಹೇಳಿದರೆ ಅವರ ಎದೆಗೆ ಮುಳ್ಳು ಚುಚ್ಚಿದಂತೆ. ಹೇಳದಿದ್ದರೆ ನೀಲವ್ವ ಬಸ್ ಹತ್ತುತ್ತಾಳೆ. ಅವಳನ್ನು ಮತ್ತೊಮ್ಮೆ ಮನೆಯಿಂದ ಹೊರಡಿಸುವವರು ಯಾರು?

ಡಿಸ್‌ಚಾರ್ಜಿನ ಹಿಂದಿನ ಸಂಜೆ ಸಿಸ್ಟರ್ ಹಿಂದಿನ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಹರಡಿಕೊಂಡು ಹರಳು ಆರಿಸುತ್ತಿದ್ದರು. ನಾಳೆಯ ಉಡಿಗೆ. ಮಘೆ ಮಳೆ ನಿಂತು ಹೆಂಚಿನಿಂದ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅವರ ಬೆರಳು ನಿಂತಿತು.

“ಇಷ್ಟು ವರ್ಷ ತುಂಬಿದ್ದೇನೆ ಇಂದೂ. ನನಗೆ ಯಾರೂ ಹೇಳಲೇ ಇಲ್ಲವಲ್ಲ.”

“ಹೇಳುವ ಪ್ರಸಂಗ ಬಂದಿರಲಿಲ್ಲ ಸಿಸ್ಟರ್. ಎಲ್ಲರೂ ಮನೆಗೇ ಹೋಗುತ್ತಿದ್ದರು.”

ಅವರು ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದರು. “ತುಂಬಿದರೆ ಹೋಗಬೇಡ ಅಂದ ಹಾಗೆ ಆಯಿತು. ತುಂಬುವುದು ನಿಲ್ಲಿಸಿದರೆ ಹೋಗು ಅಂದ ಹಾಗೆ. ಸುಮ್ಮನಿರಲಿಕ್ಕೆ ನನಗೆ ಜಾಗವೇ ಇಲ್ಲವಲ್ಲ ಮಾರಾಯ್ತಿ.” ಅಂಗೈ ತಿರುಗಿಸಿ ನೋಡಿಕೊಂಡು, “ಸರ್ಕಾರದವರು ನನ್ನ ಕೈ ಕೇಳಿದರು. ಕೊಡುವುದಿಲ್ಲ ಅಂದೆ. ಐ ವಾಸ್ ಸೋ ಶೂರ್, ಇಂದೂ. ಈಗ ನೋಡಿದರೆ ದಾರಿಗೆ ಅಡ್ಡ ಇರುವುದು ಇದೇ ಕೈ.”

ಅವರು ಮತ್ತೆ ಅಕ್ಕಿಯ ಮೇಲೆ ಬಗ್ಗಿ, “ನಾಳೆ ಮಳೆ ಬರಬಹುದಾ?” ಎಂದು ಕೇಳಿದರು. ಬರಬಹುದು ಎಂದೆ.

ಬೆಳಗ್ಗೆ ಕಿಟಕಿಯ ಕೆಳಗೆ ಸದ್ದಿಲ್ಲ. ಬಗ್ಗಿ ನೋಡಿದೆ. ಗೇಟಿನ ಹತ್ತಿರ ಸ್ಟೂಲೂ ಇಲ್ಲ, ಮೊರವೂ ಇಲ್ಲ. ನಾನು ಮೆಟ್ಟಿಲು ಇಳಿದು ಹೊರಗೆ ಬಂದೆ. ರಸ್ತೆಯಾಚೆ ಹುಣಸೆ ಮರ, ಮರದ ಕೆಳಗೆ ಗಾಡಿ. ಗಾಡಿಯಿಂದ ಇನ್ನಷ್ಟು ಮುಂದೆ, ಬಸ್ ಸ್ಟಾಪಿನ ತಗಡಿನ ಕೆಳಗೆ, ಸಿಸ್ಟರ್ ಕ್ಲೇರ್. ಸ್ಟೂಲನ್ನು ತಾವೇ ಹೊತ್ತೊಯ್ದಿದ್ದರು. ಅದರ ಮೇಲೆ ಮೊರ. ಗಾಡಿಗೆ ಬೆನ್ನು ಮಾಡಿ, ತಿಳವಳ್ಳಿಯ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು.

ನೀಲವ್ವ ಬರಿಗೈಯಲ್ಲಿ ಗೇಟು ದಾಟಿದಳು. ಹಿಂದೆ ಕೂಸನ್ನು ಎತ್ತಿಕೊಂಡು ಗುರವ್ವ. ಗುರವ್ವ ಆಚೆ ಈಚೆ ನೋಡಿದಳು. ಅವಳಿಗೆ ಎಲ್ಲವೂ ಒಂದೇ ನೋಟಕ್ಕೆ ತಿಳಿಯಿತು. ರಸ್ತೆಯ ಈ ದಂಡೆಯಿಂದಲೇ ಕೂಗಿದಳು.

“ಡಾಕ್ಟರವ್ವಾ! ಜಾಗಾ ಯಾಕ ಬದ್ಲಿ ಮಾಡಿದ್ರಿ?”

“ಗೇಟಿನ ಹತ್ತಿರ ಕೆಸರು ಗುರವ್ವ.”

“ಕೆಸರು ಆರಿದ್ರಾ ಮಳಿಯಿಂದ ಐತ್ರಿ. ಇವತ್ತ ಕಂಡಿತೇನು?”

“ಇವತ್ತು ಕಂಡಿತು,” ಎಂದರು ಸಿಸ್ಟರ್. ತಿರುಗಿ ನೋಡಲಿಲ್ಲ.

ನೀಲವ್ವ ಆಗಲೇ ರಸ್ತೆ ದಾಟಿದ್ದಳು. ನಿಧಾನಕ್ಕೆ, ಎದೆಯ ಮೇಲೆ ಕೈಯಿಟ್ಟುಕೊಂಡು. ಗಾಡಿಯ ಮೆಟ್ಟಿಲಿಗೆ ಬಂದು ಅತ್ತೆಗಾಗಿ ನಿಂತಳು. ಹತ್ತಿಬಿಡಬಹುದಿತ್ತು, ಹತ್ತಲಿಲ್ಲ. ಗುರವ್ವ ಹತ್ತಿರ ಬಂದವಳೇ, “ನಡಿ ಮನಿಗೆ,” ಎಂದಳು.

“ಉಡಿ ಇನ್ನಾ ತುಂಬಿಲ್ಲ ಅತ್ತಿ,” ಎಂದಳು ನೀಲವ್ವ. “ಈಗ ಎಲ್ಲಿಗೆ ಬೇಕಾದ್ರೂ ಹೋಗಬೌದು.”

ಗುರವ್ವನದೇ ನೇಮ, ಅವಳ ಮುಂದೆಯೇ ಸೊಸೆಯ ಕಡೆ ತಿರುಗಿ ನಿಂತಿತ್ತು. ನಸೀಮ್ ಗಾಡಿಯಿಂದ ಇಳಿದು, ಅಪರೂಪಕ್ಕೆ ಮೆತ್ತಗೆ ಮಾತಾಡಿದಳು. “ನೀವೂ ಬರ್ರಿ ಅಮ್ಮಾ. ಹೃದಯದ ಡಾಕ್ಟರ್ ನೋಡಿ ಹ್ಞೂಂ ಅಂದ್ರ ಅಷ್ಟ ಮಾಡ್ತಾರ. ಇಕಿ ಬ್ಯಾಡ ಅಂದ್ರ ಅಲ್ಲಿಂದಾನೂ ವಾಪಸ್ ಕಳಸ್ತೇನಿ. ನಿಮ್ಮ ಕಣ್ಣಿಲೇ ನೋಡ್ರಿ.”

“ಬೆಂಚಿನ ಮ್ಯಾಲೆ ಮಲಗಿಸಿದ್ರ ಅಲ್ಲೇ ಒದರತೇನಿ.”

“ಒದರ್ರಿ. ನಾನೂ ಒದರತೇನಿ ನಿಮ್ಮ ಜೋಡಿ.”

ಗುರವ್ವ ಕೂಸನ್ನು ಎದೆಗೆ ಒತ್ತಿಕೊಂಡು, ಯಾರದೋ ಹೊಲಕ್ಕೆ ಕಾಲಿಡುವಂತೆ, ಗಾಡಿಯ ಮೆಟ್ಟಿಲು ಹತ್ತಿದಳು. ಗಾಡಿ ಬಸ್ ಸ್ಟಾಪಿನ ಮುಂದೆಯೇ ಹಾದು ಹೋಯಿತು. ನಾನು ಸಿಸ್ಟರ ಹತ್ತಿರ ಹೋದಾಗ ಅವರು ಅಕ್ಕಿಯ ಮೇಲೆ ಅಂಗೈ ಆಡಿಸುತ್ತಿದ್ದರು. “ಅವಳ ಪಾಲಿನದು ಬೇರೆ ಕಟ್ಟಿಡು,” ಎಂದರು. ಅವರ ಕಣ್ಣು ನೋಡುವ ಧೈರ್ಯ ನನಗಾಗಲಿಲ್ಲ.

ಆಮೇಲೆ ಮೊರ ಗೇಟಿಗೆ ಮರಳಲಿಲ್ಲ. ಗಾಡಿ ಹತ್ತಿ ಇಳಿದವರಿಗೂ ಬಸ್ ಸ್ಟಾಪಿನಲ್ಲಿ ಉಡಿ ಸಿಕ್ಕಿತು, ಗಾಡಿಯತ್ತ ನೋಡದವರಿಗೂ ಸಿಕ್ಕಿತು. ಇಬ್ಬರಿಗೂ ಅದೇ ಅಕ್ಕಿ, ಅದೇ ಖಣ. ಅವರಾಗಿ ಒಬ್ಬಳನ್ನೂ ಏನೂ ಕೇಳಲಿಲ್ಲ. ಜೊತೆಯ ಸಿಸ್ಟರುಗಳು ಕೇಳಿದಾಗಲೂ ಅದೇ ಉತ್ತರ: ಕೆಸರು. ಬಿಸಿಲು ಬಿದ್ದು ಗೇಟಿನ ಮಣ್ಣು ಬಿರುಕು ಬಿಟ್ಟ ಮೇಲೂ ಕೆಸರು. ಆದರೆ ಸಂಜೆ ಚಾಪೆಲ್ಲಿನಲ್ಲಿ ಅವರು ಮೊದಲಿಗಿಂತ ಹೆಚ್ಚು ಹೊತ್ತು ಮೊಣಕಾಲೂರಿರುತ್ತಿದ್ದರು. ಏಳುವಾಗ ನನ್ನ ಭುಜ ಹಿಡಿಯುತ್ತಿದ್ದರು.

ದಸರೆಗೆ ಕಾರ್ಡು ಉಳಿಯಿತು. ಅದರ ಬೆನ್ನಿಗೇ ಸಿಸ್ಟರ್ ಕ್ಲೇರ್ ಅವರ ಟ್ರಾನ್ಸ್‌ಫರ್. ಕಾರಣ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಒಬೀಡಿಯನ್ಸ್ ಅವರ ವ್ರತಗಳಲ್ಲೊಂದು. ಅವರ ಜಾಗಕ್ಕೆ ಬಂದವರು ಒಳ್ಳೆಯವರೇ, ಆದರೆ ಉಡಿ ತುಂಬುವುದು ಆಸ್ಪತ್ರೆಯ ಕೆಲಸವಲ್ಲ ಎಂದು ಮೊರವನ್ನು ಸ್ಟೋರ್ ರೂಮಿಗೆ ಹಾಕಿದರು. ನಾನೂ ಹೆಚ್ಚು ದಿನ ಅಲ್ಲಿ ಇರಲಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಅದೇ ಬಸ್ ಸ್ಟಾಪಿನಲ್ಲಿ. ಒಂದು ಸಣ್ಣ ಸೂಟ್‌ಕೇಸು, ಒಂದು ಛತ್ರಿ. ಚಿತ್ತಿ ಮಳೆ ಜಿನುಗುತ್ತಿತ್ತು. ಬಸ್ಸು ಬರುವ ಮೊದಲು ತಿಳವಳ್ಳಿ ಕಡೆಯಿಂದ ಟಂಟಂ ಒಂದು ಬಂದು ನಿಂತು, ಅದರಿಂದ ಗುರವ್ವ, ಹಿಂದೆ ನೀಲವ್ವ ಇಳಿದರು. ಆಪರೇಷನ್ ಮುಗಿಸಿಕೊಂಡು ಬಂದಿದ್ದ ನೀಲವ್ವನ ಮುಖಕ್ಕೆ ಈಗ ರಕ್ತ ಬಂದಿತ್ತು. ಗುರವ್ವನ ಕೈಯಲ್ಲಿ ಮೊರ.

“ಸೆರಗ ಹಿಡೀರಿ ಡಾಕ್ಟರವ್ವ.”

ಸಿಸ್ಟರಿಗೆ ಅರ್ಥವಾಗಲಿಲ್ಲ. ಇಷ್ಟು ವರ್ಷ ತುಂಬಿದ್ದರೇ ಹೊರತು ಹಿಡಿದಿರಲಿಲ್ಲ. ಗುರವ್ವನೇ ಅವರ ಬೂದು ಬಣ್ಣದ ಸೀರೆಯ ಸೆರಗನ್ನು ಜೋಳಿಗೆಯಂತೆ ಹಿಡಿಸಿದಳು. ನೀಲವ್ವ ಬೊಗಸೆಯಲ್ಲಿ ಅಕ್ಕಿ ಎತ್ತಿ ಹಾಕಿದಳು. ಸುರ್ರ್. ಕೊಬ್ಬರಿ ಬಟ್ಟಲು, ಥಪ್. ನಾನು ಅಭ್ಯಾಸದಂತೆ ಮಾರು ದೂರ ಸರಿದು ನಿಂತಿದ್ದೆ. ಸಿಸ್ಟರ್ ತಲೆಯಾಡಿಸಿ, “ಬಾ ಇಂದೂ, ಹತ್ತಿರ,” ಎಂದರು. ಹೋದೆ. ಗುರವ್ವ ನನ್ನನ್ನು ನೋಡಿದಳು, ಸ್ವಲ್ಪ ಸರಿದು ಜಾಗ ಬಿಟ್ಟಳು.

“ಇನ್ನ ನಡುವ ಎಲ್ಲೂ ನಿಂದರಬ್ಯಾಡ್ರಿ. ನೆಟ್ಟಗ ಮನಿಗೆ ಹೋಗ್ರಿ,” ಎಂದಳು ಗುರವ್ವ.

“ನನ್ನ ಮನೆ ಎಲ್ಲಿ ಉಂಟು ಗುರವ್ವ?”

“ಆ ಅಕ್ಕಿ ಎಲ್ಲಿ ಕುದಿಸ್ತೀರೋ ಅದ ಮನಿ.”

ಬಸ್ಸು ಬಂತು. ಕಂಡಕ್ಟರ್ ಸೂಟ್‌ಕೇಸು ಹತ್ತಿಸಿದ. ಸಿಸ್ಟರ್ ಕಿಟಕಿಯ ಪಕ್ಕ ಕೂತರು, ಗಾಜು ಮಬ್ಬಾಗಿತ್ತು. ನಾವು ಮೂವರೂ ಕೈ ಬೀಸಿದೆವು. ಅವರು ನಮ್ಮನ್ನೇ ನೋಡುತ್ತಿದ್ದರು, ಬಸ್ಸು ತಿರುಗುವ ತನಕ ನೋಡುತ್ತಲೇ ಇದ್ದರು. ಕೈ ಮಾತ್ರ ಎತ್ತಲಿಲ್ಲ. ಎರಡೂ ಕೈಯಲ್ಲಿ ಉಡಿ ಹಿಡಿದಿದ್ದರು.